ನಾಲ್ಕು ಗಂಟೆಯ ಗಾಳಿ

ಡೊಂಬಿವಲಿಯ ಮಲಯಾನಿಲ ಸಹಕಾರಿ ಗೃಹನಿರ್ಮಾಣ ಸಂಘದ ಗಾಳಿಯು ಅತ್ಯುತ್ತಮ ಗುಣಮಟ್ಟದ್ದೆಂದು ಸರ್ವಸದಸ್ಯರ ಸಭೆಯು ಅವಿರೋಧವಾಗಿ ಅಂಗೀಕರಿಸಿದೆ. ಸಭೆಯಲ್ಲಿ ಹನ್ನೊಂದು ಮಂದಿ ಕೆಮ್ಮಿದ್ದು ನಡಾವಳಿಯಲ್ಲಿಲ್ಲ. ಕೆಮ್ಮು ಅಜೆಂಡಾದಲ್ಲಿ ಇರಲಿಲ್ಲ.

ಇದಕ್ಕೆಲ್ಲ ಮೂಲ ಮೂರನೇ ಮಹಡಿಯ ಕುಂದಾ ಖೋಪಕರ್. ಅವಳ ಅತ್ತೆಗೆ ಉಬ್ಬಸ. ಹದಿನಾರು ಮನೆಗಳ ಅಡುಗೆಯ ಹೊಗೆ ಹೋಗಬೇಕಾದದ್ದು ತಾರಸಿಗೆ ತೆರೆದುಕೊಳ್ಳುವ, ಕಟ್ಟಡದ ನಡುವಿನ ಡಕ್ಟಿನಿಂದ. ಆದರೆ ಮೇಲ್ಮಹಡಿಯ ಕಾರ್ಯದರ್ಶಿ ವರ್ತಕ್ ಕಾಕಾ ಪುಣ್ಯಕ್ಕೆಂದು ತಾರಸಿಯಲ್ಲಿ ಪಾರಿವಾಳಗಳಿಗೆ ಜೋಳ ಚೆಲ್ಲುತ್ತಿದ್ದರು. ತಿಂದ ಪಾರಿವಾಳಗಳು ಡಕ್ಟಿನಲ್ಲೇ ಸಂಸಾರ ಹೂಡಿದವು. ದೂರು ಬಂತು. ಸಮಿತಿ ಸಾಕಷ್ಟು ತಲೆ ಕೆಡಿಸಿಕೊಂಡು, ಜೋಳದ ತಂಟೆಗೆ ಹೋಗದೆ, ಡಕ್ಟಿನ ಬಾಯಿಗೆ ಪ್ಲಾಸ್ಟಿಕ್ ಶೀಟು ಜಡಿಸಿತು. ಅಂದಿನಿಂದ ಕೆಳಮನೆಯವರು ಬೊಂಬಿಲ್ ಮೀನು ಹುರಿದರೆ ಹೊಗೆ ಕುಂದಾಳ ಮನೆಗೆ ಬಂದು ಠಿಕಾಣಿ ಹೂಡುತ್ತಿತ್ತು.

"ಕಾಕಾ, ಆ ಶೀಟು ತೆಗೆಸಿಬಿಡಿ. ಆಯಿಗೆ ಉಸಿರೇ ಸಿಗ್ತಿಲ್ಲ," ಎಂದಳು ಕುಂದಾ.

"ಶೀಟು ಸಭೆಯ ಠರಾವು, ವಹಿನಿ. ಕೆಮ್ಮಿದ್ರೆ ಠರಾವು ರದ್ದಾಗುತ್ತಾ? ಗಾಳಿ ಕೆಟ್ಟಿದೆ ಅಂತ ಪುರಾವೆ ಬೇಕು."

ಪುರಾವೆಗೆಂದು ಗಾಳಿ ಅಳೆಯುವ ಯಂತ್ರ ಬಂತು. ಅದನ್ನು ಸಂಘದ ಕಚೇರಿಯಲ್ಲಿ, ಎಸಿಯ ಕೆಳಗೆ, ಹೂಮಾಲೆ ಹಾಕಿ ಪ್ರತಿಷ್ಠಾಪಿಸಲಾಯಿತು.

"ನಮ್ಮ ಅಡುಗೆಮನೇಲಿಟ್ಟು ನೋಡಿ ಕಾಕಾ!"

"ಹುಚ್ಚಾ ನಿಮಗೆ? ಅಲ್ಲಿ ಹೊಗೆ. ಮಿಷನ್ ಹಾಳಾಗುತ್ತೆ!"

ಕಚೇರಿಯಲ್ಲಿ ಯಂತ್ರ ಹಸಿರು ದೀಪ ತೋರಿಸಿತು. ಸಭೆ ಚಪ್ಪಾಳೆ ತಟ್ಟಿ, ಕೆಮ್ಮಿ, ಠರಾವು ಪಾಸು ಮಾಡಿತು.

ಕುಂದಾಳ ಮೈ ಉರಿದುಹೋಯಿತು. ಮರುದಿನವೇ ಅತ್ತೆಯನ್ನು ಕೈಹಿಡಿದು ಇಳಿಸಿಕೊಂಡು ಬಂದು ಯಂತ್ರದ ಮುಂದೆ ಕೂರಿಸಿದಳು. "ಒಳ್ಳೆ ಗಾಳಿ ಇಲ್ಲಿದೆ ಅಂತ ನೀವೇ ಬರ್ಕೊಂಡಿದೀರಲ್ಲ! ಆಯಿ ಇಲ್ಲೇ ಉಸಿರಾಡ್ತಾರೆ."

ಮುದುಕಿ ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ತೂಕಡಿಸಿದಳು. ಸುದ್ದಿ ಹಬ್ಬಿ, ಕೆಮ್ಮುವವರೆಲ್ಲ ಬಂದು ಕುಳಿತರು. ವಾರದೊಳಗೆ ಫಲಕದ ಮೇಲೆ ಸೂಚನೆ ಬಿತ್ತು:

"ಸಂಘದ ಅಧಿಕೃತ ಗಾಳಿಯನ್ನು ಸರದಿಯಂತೆ ತಲಾ ಅರ್ಧ ಗಂಟೆ ಸೇವಿಸತಕ್ಕದ್ದು. ಬಾಡಿಗೆದಾರರು ಮಾಲೀಕರ ಒಪ್ಪಿಗೆ ಪತ್ರ ತರತಕ್ಕದ್ದು. ಅತಿಥಿಗಳು ತಮ್ಮ ಉಸಿರಾಟವನ್ನು ಬೇರೆಡೆ ಮುಗಿಸಿಕೊಂಡು ಬರತಕ್ಕದ್ದು."

ವರ್ತಕ್ ಅವರ ಜೊತೆ ಮೂರು ದಿನ ಜಗಳವಾಡಿ ಕುಂದಾ ಅತ್ತೆಗೆ ಮಧ್ಯಾಹ್ನ ನಾಲ್ಕು ಗಂಟೆಯ ಸರದಿ ಗಿಟ್ಟಿಸಿದಳು.

ಜೂನಿನ ಮೊದಲ ಬಿರುಗಾಳಿಗೆ ಶೀಟು ಕಿತ್ತು ಹಾರಿಹೋಯಿತು. ಹೊಗೆ ನೆಟ್ಟಗೆ ಆಕಾಶಕ್ಕೆ ಹೋಯಿತು. ಎರಡು ದಿನ ಅತ್ತೆ ಮನೆಯಲ್ಲೇ ಕೆಮ್ಮಿಲ್ಲದೆ ಮಲಗಿದಳು. ಕುಂದಾಳಿಗೆ ಸಂತೋಷದಿಂದ ಅಳುವೇ ಬಂತು.

ಮೂರನೇ ದಿನ ವರ್ತಕ್ ಬಾಗಿಲು ತಟ್ಟಿದರು. "ಶೀಟಿಲ್ಲ ಅಂದ್ಮೇಲೆ ಸರದಿ ಪಟ್ಟಿ ರದ್ದು, ವಹಿನಿ."

"ಪಾರಿವಾಳ ಬಂದ್ರೆ ಮತ್ತೆ ಶೀಟು ಹಾಕ್ತೀರಲ್ಲ?"

"ಹಾಕ್ಲೇಬೇಕಲ್ಲ. ಆಗ ಪಟ್ಟಿ ಹೊಸದಾಗಿ. ಎ ವಿಂಗಿಂದ ಶುರು."

ಕುಂದಾ ಲೆಕ್ಕ ಹಾಕಿದಳು. ತಾವಿರುವುದು ಬಿ ವಿಂಗಿನಲ್ಲಿ. ನಾಲ್ಕು ಗಂಟೆಯ ಸರದಿ ಹೋದರೆ ಮತ್ತೆ ಸಿಗುವುದಲ್ಲ. ಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಭಯ ಹಿಡಿಯಿತು. ಶೀಟನ್ನು ಕೂಡಲೇ ಮರಳಿ ಜಡಿಸಿ ಹಳೆಯ ಪಟ್ಟಿಯನ್ನೇ ಉಳಿಸಬೇಕೆಂಬ ಅರ್ಜಿಗೆ ಸಂಜೆಯೊಳಗೆ ಎಲ್ಲರೂ ಸಹಿ ಹಾಕಿದರು. ಮೊದಲ ಸಹಿ ಕುಂದಾಳದು.

ಹೊಸ ಶೀಟು ದಪ್ಪನೆಯದು. ಮರುದಿನ ಮಧ್ಯಾಹ್ನ ಕೆಳಮನೆಯಲ್ಲಿ ಮೀನು ಹುರಿದರು. ಅತ್ತೆ ಎದೆ ಹಿಡಿದುಕೊಂಡು ಎದ್ದು ಕುಳಿತಳು. ಕುಂದಾ ಅವಳ ಬೆನ್ನು ನೀವುತ್ತ ಗಡಿಯಾರ ನೋಡಿದಳು. ಮೂರು ನಲವತ್ತು.

"ಸ್ವಲ್ಪ ತಡ್ಕೊಳ್ಳಿ ಆಯಿ. ನಿಮ್ಮ ಉಸಿರಿಗಿನ್ನು ಇಪ್ಪತ್ತೇ ನಿಮಿಷ."