ಎಂಪಿ ಅಕ್ಕಾರ ಆಫೀಸಿನ ಕುರ್ಚಿಯಿಂದ

ನಮ್ಮ ಆಫೀಸಿನ ಬಾಗಿಲು ಮುಂಜಾನೆ ಒಂಬತ್ತಕ್ಕೆ ತೆಗೆಯುತ್ತದೆ. ಒಂಬತ್ತೂಕಾಲಿಗೆ ನಗುವಂಥದ್ದು ಒಂದಾದರೂ ಆಗಿಯೇ ಇರುತ್ತದೆ. ಆದರೆ ಆ ಹೊತ್ತಿನಲ್ಲಿ ನಗುವ ಹಾಗಿಲ್ಲ, ಎದುರಿಗೆ ಅರ್ಜಿ ಹಿಡಿದು ನಿಂತವರು ಗಂಭೀರವಾಗಿರುತ್ತಾರೆ. ಹಾಗಾಗಿ ನಾನು ನಗುವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಸಂಜೆ ಮನೆಗೆ ಒಯ್ದು ಹೆಂಡತಿಯ ಮುಂದೆ ಸುರಿಯುತ್ತೇನೆ. ಅವಳು ಅರ್ಧ ನಂಬುತ್ತಾಳೆ.

ನಾನು ಜಮಖಂಡಿಯಲ್ಲಿ ನಮ್ಮ ಸಂಸದರ ಕಚೇರಿಯ ಸಹಾಯಕ. ಸಂಸದರು ಹೆಣ್ಣುಮಗಳು. ಊರವರಿಗೆ ಅವರು ಎಂಪಿಯೂ ಅಲ್ಲ, ಮೇಡಮ್ಮೂ ಅಲ್ಲ. ಎಲ್ಲರಿಗೂ ‘ಅಕ್ಕಾರು’. ಅವರು ದಿಲ್ಲಿಯಲ್ಲಿರುವಾಗ ಅಕ್ಕಾರ ಪಾಲಿನ ಬೈಗುಳ ಮೊದಲು ನನಗೆ ಬರುತ್ತದೆ. ಅವರು ಊರಿಗೆ ಬಂದಾಗ ಹೊಗಳಿಕೆ ಸೀದಾ ಅವರಿಗೇ ಹೋಗುತ್ತದೆ. ಇದೇ ನಮ್ಮ ಕಚೇರಿಯ ಕೆಲಸದ ಹಂಚಿಕೆ.

ದಿಲ್ಲಿನೇ ಛಲೋ

ಒಂದು ದಿನ ಬೀಳಗಿ ತಾಲೂಕಿನಿಂದ, ಅನಗವಾಡಿ ಕಡೆಯ ಒಬ್ಬ ಮುದುಕ ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಬಂದವರೇ ತಲೆಯ ಪಟಗಾ ಬಿಚ್ಚಿ ಮುಖ ಒರೆಸಿಕೊಂಡು, “ಅಕ್ಕಾರು ಅದಾರೇನ್ರಿ?” ಅಂದರು.

“ದಿಲ್ಲ್ಯಾಗ ಅದಾರ್ರಿ. ಏನ್ ಕೆಲಸಿತ್ತು ಹೇಳ್ರಿ.”

“ನಮ್ಮ ಮನಿ ಮುಂದಿನ ಗಟಾರ ತುಂಬೇತ್ರಿ.”

ನಾನು ನೀರು ಕೊಟ್ಟು, ಕೂಡಿಸಿ, ಸಮಾಧಾನದಿಂದ ತಿಳಿಸಿ ಹೇಳಿದೆ. ಎಂಪಿ ಅಂದರೆ ಲೋಕಸಭೆಯಲ್ಲಿ ಕುಳಿತು ದೇಶಕ್ಕೆ ಕಾಯ್ದೆ ಮಾಡುವವರು. ಶಾಸಕರು ಬೆಂಗಳೂರಿನಲ್ಲಿ ಮಾಡುತ್ತಾರೆ. ಗಟಾರದ ಕೆಲಸ ಗ್ರಾಮ ಪಂಚಾಯಿತಿಯದು. “ನಿಮ್ಮ ವಾರ್ಡಿನ ಮೆಂಬರಿಗೆ ಒಂದ್ ಮಾತ್ ಹೇಳಿದ್ರ ನಾಳೆಗೇ ಆಗ್ತೈತ್ರಿ.”

ಮುದುಕರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅಕ್ಕಪಕ್ಕ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು.

“ಅದು ನನಗೂ ಗೊತ್ತೈತ್ರಿ. ಮೆಂಬರ್ ನನ್ನ ಅಳಿಯಾನ. ಅವಗ ಹೇಳಿದ್ರ ಮಗಳು ಮಾತು ಬಿಡ್ತಾಳ. ಶಾಸಕರಿಗೆ ಹೇಳೂಣಂದ್ರ ಅಳಿಯ ಅವರ ಜೀಪಿನ್ಯಾಗ ತಿರಗತಾನ. ಅದಕ್ಕ ದಿಲ್ಲಿನೇ ಛಲೋ ಅನಿಸ್ತು. ಪಾರ್ಲಿಮೆಂಟಿನ್ಯಾಗ ನಮ್ಮ ಬೀಗರು ಯಾರೂ ಇಲ್ಲ.”

ಸಾಲು

ಕಬ್ಬಿನ ಹಂಗಾಮಿನಲ್ಲಿ, ಸಕ್ಕರೆ ಕಾರ್ಖಾನೆ ಇರುವ ಸಮೀರವಾಡಿಯ ರಸ್ತೆಯಲ್ಲಿ ಹೋಗಬೇಕಾದರೆ ಗಡಿಯಾರವನ್ನು ಮನೆಯಲ್ಲಿಟ್ಟು ಹೋಗಬೇಕು. ಅವತ್ತು ಅಕ್ಕಾರಿಗೆ ಮುಧೋಳದಲ್ಲಿ ಹನ್ನೊಂದಕ್ಕೆ ಸಭೆ. ಹತ್ತೂವರೆಗೆ ನಮ್ಮ ಕಾರಿನ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಬಾಲ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ.

ನಾನು ಇಳಿದು ನಮ್ಮ ಮುಂದೆಯೇ ಇದ್ದ ಟ್ರ್ಯಾಕ್ಟರಿನವನ ಹತ್ತಿರ ಹೋದೆ. ಅವನು ಸ್ಟೇರಿಂಗಿನ ಮೇಲೆ ಕಾಲಿಟ್ಟು ರೊಟ್ಟಿ ತಿನ್ನುತ್ತಿದ್ದ.

“ತಮ್ಮಾ, ಸ್ವಲ್ಪ ಬಾಜೂಕ ತಗೋ. ಹಿಂದಿನ ಕಾರಿನ್ಯಾಗ ಎಂಪಿ ಅಕ್ಕಾರು ಅದಾರ.”

ಅವನು ತುತ್ತು ನುಂಗಿ, ಹಿಂದೆ ತಿರುಗಿ ಕಾರು ನೋಡಿದ.

“ಖರೇನ್ರಿ? ಅಕ್ಕಾರಿಗೆ ನಮಸ್ಕಾರ ಹೇಳ್ರಿ. ನಮ್ಮನ್ನ ಐದು ವರ್ಷಕ್ಕೊಮ್ಮೆ ಬಿಸಲಾಗ ಸಾಲು ಹಚ್ಚಿ ನಿಲ್ಲಸ್ತೀರಿ. ನಾವು ಏನರ ಅಂದೇವೇನ್ರಿ? ಇವತ್ತೊಂದ್ ದಿನ ಅವರೂ ನಿಲ್ಲಲಿ.”

ಇದನ್ನು ಅಕ್ಕಾರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಬಂದೆ. ಕೊನೆಗೆ ಇದ್ದದ್ದು ಇದ್ದ ಹಾಗೇ ಹೇಳಿದೆ. ಅಕ್ಕಾರು ನಕ್ಕು, ಕಾರಿನಿಂದ ಇಳಿದು, ಸೀದಾ ಹೋಗಿ ರಸ್ತೆ ಬದಿಯ ಬೇವಿನ ಮರದ ಕೆಳಗೆ ಕುಳಿತರು. ಟ್ರ್ಯಾಕ್ಟರಿನವರೆಲ್ಲ ಇಳಿದು ಸುತ್ತ ಕೂಡಿದರು. ಕೂಡುರಸ್ತೆಯ ತಿರುವು ಅಗಲ ಮಾಡಬೇಕು, ಚಾಲಕರಿಗೆ ಕುಡಿಯುವ ನೀರಿನ ವ್ಯವಸ್ಥೆ ಆಗಬೇಕು, ಹೀಗೆ ಒಂದೊಂದಾಗಿ ಹೇಳಿದರು. ಬರೆದುಕೊಳ್ಳುತ್ತ ನನ್ನ ಪೆನ್ನಿನ ಶಾಯಿ ಮುಗಿಯಿತು. ಸಭೆಗೆ ನಾವು ಮುಟ್ಟಿದಾಗ ಒಂದೂವರೆ. ಅಲ್ಲಿ ಹಾರ ಹಿಡಿದು ಕಾಯ್ದವರು ಸಿಟ್ಟಾಗಿದ್ದರು.

“ಇಷ್ಟೊತ್ತನಕ ಎಲ್ಲಿದ್ರಿ ಅಕ್ಕಾರ?”

“ಪಾಳಿ ಬರೋತನಕ ಸಾಲಿನ್ಯಾಗಿದ್ದೆ,” ಅಂದರು ಅಕ್ಕಾರು.

ಅನುವಾದ

ಮುಧೋಳದ ನಾಯಿ ನೋಡಲು ದಿಲ್ಲಿಯಿಂದ ಮೂವರು ಅಧಿಕಾರಿಗಳು ಬಂದಿದ್ದರು. ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರ ನೋಡಿಯಾದ ಮೇಲೆ, ಮನೆಯಲ್ಲೇ ನಾಯಿ ಸಾಕುವ ಒಬ್ಬ ರೈತರ ಹತ್ತಿರವೂ ಕರೆದುಕೊಂಡು ಹೋಗು ಎಂದು ಅಕ್ಕಾರು ನನಗೆ ಹೇಳಿದರು. ಸಾಕುವವರಿಗೆ ಸರಕಾರದಿಂದ ಏನಾದರೂ ನೆರವು ಸಿಗುವ ಮಾತಿತ್ತು. ಹಾಗಾಗಿ ಭೇಟಿ ಕೆಡಬಾರದು ಎಂದು ನನಗೆ ಎಚ್ಚರಿಕೆ ಬೇರೆ ಕೊಟ್ಟಿದ್ದರು.

ರೈತರಿಗೆ ಹಿಂದಿ ಬಾರದು, ಅಧಿಕಾರಿಗಳು ಹಿಂದಿಯಲ್ಲೇ ಮಾತಾಡುತ್ತಿದ್ದರು. ನಡುವೆ ನಾನು ಸೇತುವೆ.

ಹೊರಗೆ ಕಟ್ಟಿದ್ದ ನಾಯಿ ನೋಡಿ ಹಿರಿಯ ಅಧಿಕಾರಿಗೆ ಕನಿಕರ ಬಂತು. ಅವರು ಒಳ್ಳೆಯ ಮೈಕಟ್ಟಿನವರು. ಶರ್ಟಿನ ಗುಂಡಿಗಳು ಹೊಟ್ಟೆಯ ಹತ್ತಿರ ಕಷ್ಟಪಡುತ್ತಿದ್ದವು. “ಪಾಪ, ಎಷ್ಟು ಬಡಕಲಾಗಿದೆ! ಎಲುಬು ಎಣಿಸಬಹುದು. ಇವರು ಇದಕ್ಕೆ ಊಟ ಹಾಕುವುದಿಲ್ಲವೇ ಅಂತ ಕೇಳಿ,” ಎಂದು ಹಿಂದಿಯಲ್ಲಿ ನನಗೆ ಹೇಳಿದರು.

ನಾನು ಕನ್ನಡದಲ್ಲಿ ಕೇಳಿದೆ. ರೈತರು ಅಧಿಕಾರಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ, ಹೊಟ್ಟೆಯ ಹತ್ತಿರ ಇನ್ನೊಮ್ಮೆ ನೋಡಿದರು.

“ಹೇಳ್ರಿ ಅವರಿಗೆ. ಇದು ಓಡೂ ನಾಯಿ, ಮೈ ಹಿಂಗ ಇರಬೇಕು. ಕುಂತಲ್ಲೇ ತಿಂದು ಬೆಳಿಲಿಕ್ಕೆ ಇದಕ್ಕೇನು ಸರಕಾರಿ ನೌಕರಿ ಐತೇನು?”

ನಾನು ಗಂಟಲು ಸರಿಮಾಡಿಕೊಂಡೆ. “ಇದು ಈ ತಳಿಯ ಸಹಜ ಗುಣ, ತಾವು ಬಂದದ್ದು ನಮ್ಮ ಭಾಗ್ಯ ಅಂತಿದ್ದಾರೆ ಸರ್,” ಎಂದು ಹಿಂದಿಯಲ್ಲಿ ಹೇಳಿದೆ.

ಅಧಿಕಾರಿ ತಲೆಯಾಡಿಸಿದರು. ನಾಯಿಯ ಬೆನ್ನು ಸವರಿದರು. ಆಮೇಲೆ ರೈತರ ಹೆಗಲ ಮೇಲೆ ಕೈಯಿಟ್ಟು, ಅಚ್ಚ ಕನ್ನಡದಲ್ಲಿ ಅಂದರು: “ಖರೆ ಹೇಳಿದ್ರಿ ಯಜಮಾನ್ರ. ನಾ ಹುಬ್ಬಳ್ಳ್ಯಾಗ ನಾಲ್ಕು ವರ್ಷ ಇದ್ದೆ. ಅಲ್ಲಿ ತನಕ ನಾನೂ ಈ ನಾಯಿಹಂಗ ಇದ್ದೆ. ದಿಲ್ಲಿಗೆ ವರ್ಗ ಆದಮ್ಯಾಲ ಹಿಂಗಾಗೇನಿ.”

ರೈತರು ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ನಾಯಿಯ ಮುಖ ನೋಡುತ್ತ ನಿಂತೆ. ಅಧಿಕಾರಿ ಹೋಗುವಾಗ ನನ್ನ ಕಡೆ ತಿರುಗಿ, “ನಿಮ್ಮ ಅನುವಾದ ಭಾಳ ಛಲೋ ಐತಿ. ನಮ್ಮ ಇಲಾಖೆಗೆ ಬರ್ತೀರೇನು?” ಅಂದರು.

ಗುಟ್ಟಿನ ಮಾತು

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಓಣಿಗೆ ಹೋದರೆ ಮನುಷ್ಯರ ಮಾತಿಗಿಂತ ಮೊದಲು ಮಗ್ಗದ ಮಾತು ಕೇಳಿಸುತ್ತದೆ. ಮನೆಮನೆಯಲ್ಲೂ ಪವರ್‌ಲೂಮಿನ ಖಟಕ್ ಖಟಕ್. ಹುಟ್ಟಿನಿಂದ ಆ ಸದ್ದಿನಲ್ಲೇ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಅಂದರೇನು ಅಂತಲೇ ಗೊತ್ತಿಲ್ಲ.

ಅಕ್ಕಾರು ಅಲ್ಲಿ ಜನರ ಅಹವಾಲು ಕೇಳಲು ಹೋದಾಗ ಮೊದಲ ಹತ್ತು ನಿಮಿಷ ಯಾರು ಏನಂದರು ಯಾರಿಗೂ ತಿಳಿಯಲಿಲ್ಲ. ಒಬ್ಬರು “ನೂಲು” ಅಂದದ್ದನ್ನು ನಾನು “ನೀರು” ಅಂತ ಬರೆದುಕೊಂಡೆ. ಕೊನೆಗೆ ಓಣಿಯ ಹಿರಿಯರೊಬ್ಬರು ಕೈಯೆತ್ತಿ ಕೂಗಿದರು, “ಅರ್ಧ ತಾಸು ಮಗ್ಗ ಬಂದ್ ಮಾಡ್ರಪಾ!”

ಒಂದೊಂದಾಗಿ ಮಗ್ಗ ನಿಂತವು. ಓಣಿಗೆ ಓಣಿಯೇ ತಣ್ಣಗಾಯಿತು. ಸೂಜಿ ಬಿದ್ದರೂ ಕೇಳಿಸುವಂತಿತ್ತು.

ಆಗ ಒಬ್ಬ ನೇಕಾರ ಹೆಣ್ಣುಮಗಳು ಅಕ್ಕಾರ ಹತ್ತಿರ ಬಂದಳು. ಸೆರಗು ಬಾಯಿಗೆ ಅಡ್ಡ ಹಿಡಿದಳು, ಅಕ್ಕಾರ ಕಿವಿಗೆ ಬಾಯಿ ಹಚ್ಚಿದಳು. ಗುಟ್ಟು ಹೇಳುವ ಎಲ್ಲ ಲಕ್ಷಣ ಇತ್ತು, ದನಿಯೊಂದನ್ನು ಬಿಟ್ಟು.

“ಅಕ್ಕಾರ! ಇದು ನಿಮ್ಮಲ್ಲೇ ಇರಲಿ! ಓಣಿಗೆ ಅಂತ ಬಂದ ನೀರಿನ ಟಾಕಿ, ನಿಮ್ಮ ಬಾಜೂಕ ಹಾರ ಹಾಕ್ಕೊಂಡು ನಿಂತಾನಲ್ಲ, ಆ ಮುಖಂಡ ತನ್ನ ಕಂಪೌಂಡಿನ ಒಳಗ ಕುಂದ್ರಿಸ್ಯಾನ! ನಾವು ನೀರಿಗೆ ಹ್ವಾದ್ರ ಗೇಟ್ ಹಾಕತಾನ! ನಾ ಹೇಳೇನಂತ ಅವಗ ಗೊತ್ತಾಗಬಾರದು!”

ಬನಹಟ್ಟಿಯಲ್ಲಿ ಹೇಳಿದ್ದು ತೇರದಾಳದ ತನಕ ಕೇಳಿಸಿರಬೇಕು. ಮುಖಂಡ ಹಾರವನ್ನು ಒಂದು ಕೈಯಿಂದ ಹಿಡಿದುಕೊಂಡು ಆಕಾಶ ನೋಡುತ್ತಿದ್ದ. ಅಕ್ಕಾರು ನಗು ತಡೆದುಕೊಂಡು, ಅವಳ ಕಿವಿಗೇ ಬಾಯಿ ಹಚ್ಚಿ, ಅಷ್ಟೇ ದೊಡ್ಡ ದನಿಯಲ್ಲಿ ಉತ್ತರ ಕೊಟ್ಟರು:

“ತಂಗೀ, ನಾ ಯಾರಿಗೂ ಹೇಳೂದಿಲ್ಲ! ಆದರ ಮುಂದಿನ ಸೋಮವಾರ ಬರತೇನಿ! ಅಷ್ಟೊತ್ತಿಗೆ ಆ ಗೇಟ್ ಕಿತ್ತಿರಬೇಕು!”

ಮುಖಂಡ ಸೋಮವಾರದ ತನಕ ಕಾಯಲಿಲ್ಲ. ಶನಿವಾರವೇ ಗೇಟು ಹೋಗಿತ್ತು. ಸುದ್ದಿ ತಿಳಿಸಲು ಆ ಹೆಣ್ಣುಮಗಳು ನನಗೆ ಫೋನು ಮಾಡಿದಳು. ಫೋನು ಮೇಜಿನ ಮೇಲಿತ್ತು, ನಾನು ಬಾಗಿಲಲ್ಲಿ ನಿಂತು ಮಾತಾಡಿದೆ.

ಹಾಜರಿ

ವರ್ಷಕ್ಕೊಮ್ಮೆ ಅಕ್ಕಾರು ಊರೂರಿಗೆ ಹೋಗಿ, ಲೋಕಸಭೆಯಲ್ಲಿ ತಾವು ಯಾವ ಮಸೂದೆಗೆ ‘ಹೌದು’ ಎಂದದ್ದು, ಯಾವುದಕ್ಕೆ ‘ಅಲ್ಲ’ ಎಂದದ್ದು, ಯಾಕೆ ಎಂದು ಜನರಿಗೆ ಹೇಳುವ ಪದ್ಧತಿ ಇಟ್ಟುಕೊಂಡಿದ್ದಾರೆ. ಸಾಮಾನ್ಯವಾಗಿ ಜನ ಕೇಳಿ, ಚಪ್ಪಾಳೆ ತಟ್ಟಿ, ಚಹಾ ಕುಡಿದು ಹೋಗುತ್ತಾರೆ.

ಜಮಖಂಡಿಯ ಸಭೆಯಲ್ಲಿ ಹಾಗಾಗಲಿಲ್ಲ. ಅಕ್ಕಾರ ಭಾಷಣ ಮುಗಿದ ಕೂಡಲೇ ಮೊದಲನೇ ಸಾಲಿನಲ್ಲಿ ಒಬ್ಬ ನಿವೃತ್ತ ಕನ್ನಡ ಮಾಸ್ತರರು ಎದ್ದು ನಿಂತರು. ಕಚ್ಚೆ ಧೋತರ, ಕರಿ ಟೋಪಿ, ಬಗಲಲ್ಲಿ ಸಾಲೆಯ ಹಾಜರಿ ಪುಸ್ತಕ. ಅದರಲ್ಲಿ ಹುಡುಗರ ಹೆಸರಿರಬೇಕಾದಲ್ಲಿ ಅಕ್ಕಾರದೊಂದೇ ಹೆಸರು. ಲೋಕಸಭೆ ಕೂಡಿದ ಪ್ರತಿ ದಿನದ ಹಾಜರಿ, ಪ್ರತಿ ಮತ, ಮೊಬೈಲಿನಲ್ಲಿ ನೋಡಿ ನೋಡಿ ಬರೆದಿಟ್ಟಿದ್ದರು.

“ಕಳೆದ ಅಧಿವೇಶನದ ಕೊನೇ ಬುಧವಾರ,” ಎಂದು ಮಾಸ್ತರರು ಕನ್ನಡಕ ಏರಿಸಿದರು, “ಒಂದು ಮಸೂದೆಗೆ ಮತ ಹಾಕ್ಸಿದ್ರು. ಅವತ್ತು ನೀವು ಗೈರು. ಎಲ್ಲಿದ್ರಿ?”

ಹಿಂದಿನ ಸಾಲಿನವರು ಮೊಬೈಲು ಎತ್ತಿ ಹಿಡಿದರು. ವಿರೋಧ ಪಕ್ಷದ ಇಬ್ಬರು ಖುಷಿಯಿಂದ ಕುರ್ಚಿ ಮುಂದಕ್ಕೆಳೆದುಕೊಂಡರು. ನಾಳೆ ಇದೇ ವಿಡಿಯೋ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತದೆ ಎಂದು ಲೆಕ್ಕ ಹಾಕಿದೆ.

ಅಕ್ಕಾರು ಮೈಕು ಹತ್ತಿರ ಎಳೆದುಕೊಂಡರು. “ಮಾಸ್ತರ್ರ, ಹೇಳಲೇನ್ರಿ?”

“ಹೇಳ್ಲೇಬೇಕು.”

“ಅವತ್ತು ನಾ ಜಮಖಂಡ್ಯಾಗ ಇದ್ದೆ. ನಿಮ್ಮ ಮೊಮ್ಮಗಳ ಮದಿವ್ಯಾಗ. ಬರಲಿಲ್ಲಂದ್ರ ಮುಂದಿನ ಸಲ ನಮ್ಮ ಮನ್ಯಾಗಿನ ಒಂದ್ ಮತಾನೂ ಸಿಗೂದಿಲ್ಲ ಅಂತ ನೀವ ಫೋನ್ ಮಾಡಿದ್ರಿ.”

ಸಭೆಯೆಲ್ಲ ಹೋ ಎಂದು ನಕ್ಕಿತು. ವಿರೋಧ ಪಕ್ಷದವರೂ ನಕ್ಕರು. ಮಾಸ್ತರರೊಬ್ಬರೇ ನಗಲಿಲ್ಲ. ನಗು ನಿಲ್ಲುವ ತನಕ ಕಾಯ್ದು, ಶಾಂತವಾಗಿ ಅಂದರು:

“ಬಂದದ್ದು ಭಾಳ ಸಂತೋಷ. ಊಟಾ ಮಾಡ್ಕೊಂಡು ಹೋದ್ರಿ, ಅದೂ ಸಂತೋಷ. ಆದರ ನಾ ಮನ್ಯಾಗ ಅಜ್ಜ, ಇಲ್ಲಿ ಮತದಾರ. ಗೈರಂದ್ರ ಗೈರು. ರಜಾ ಚೀಟಿ ಎಲ್ಲಿ?”

ಈಗ ನಕ್ಕದ್ದು ಅಕ್ಕಾರು. “ನಾಳೆ ಮುಂಜಾನೆ ನಿಮ್ಮ ಮನಿಗೆ ಬರತೈತ್ರಿ,” ಎಂದು ಮೈಕಿನಲ್ಲೇ ಮಾತು ಕೊಟ್ಟರು.

ನಾನು ಅದನ್ನು ತಮಾಷೆ ಅಂದುಕೊಂಡಿದ್ದೆ. ಅಕ್ಕಾರು ಅಂದುಕೊಂಡಿರಲಿಲ್ಲ. ಕಾರು ಹತ್ತುವಾಗಲೇ, “ಚೀಟಿ ಬರಿ, ನಾ ಸಹಿ ಮಾಡತೇನಿ,” ಎಂದರು. ನಾನು ಕಚೇರಿಯ ಲೆಟರ್‌ಹೆಡ್ಡಿನ ಮೇಲೆ, ಇದ್ದಬಿದ್ದ ಕನ್ನಡವನ್ನೆಲ್ಲ ಖರ್ಚು ಮಾಡಿ ಬರೆದೆ. ಅಕ್ಕಾರು ಸಹಿ ಮಾಡಿದರು. ಮರುದಿನ ನಾನೇ ಒಯ್ದು ಮಾಸ್ತರರ ಕೈಗೆ ಕೊಟ್ಟೆ.

ಅವರು ಅಲ್ಲೇ ಜಗುಲಿಯ ಮೇಲೆ ಕುಳಿತು, ಕಿಸೆಯಿಂದ ಕೆಂಪು ಪೆನ್ನು ತೆಗೆದರು. ಓದಿದರು. ಒಂದು ಕಡೆ ದುಂಡಗೆ ಸುತ್ತಿದರು. ಕೆಳಗೆ ಮೂರು ಸಾಲು ಬರೆದು, ಮಡಚಿ ನನ್ನ ಕೈಗಿಟ್ಟರು. “ಬರದವರು ಯಾರು?” ಅಂತ ಕೇಳಿದರು. ನಾನು, “ಆಫೀಸಿನ್ಯಾಗ ಯಾರೋ ಅದಾರ್ರಿ,” ಅಂದೆ.

ಕಚೇರಿಗೆ ಬಂದು ಅಕ್ಕಾರ ಮುಂದೆ ಬಿಚ್ಚಿದೆ. ಅಕ್ಕಾರು ಓದಿದವರೇ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದರು. ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಕಾಗದವನ್ನು ನನ್ನ ಕಡೆ ತಳ್ಳಿದರು.

ನಾನು ‘ಅಧಿವೇಷನ’ ಎಂದು ಬರೆದಲ್ಲಿ ಕೆಂಪು ಸುತ್ತು ಇತ್ತು. ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು:

“ರಜೆ ಮಂಜೂರಾಗಿದೆ. ದಿಲ್ಲಿಯಲ್ಲಿ ವೇಷ ಹಾಕುವವರು ಬೇಕಾದಷ್ಟು ಇರಬಹುದು. ಆದರೆ ಬರೆಯುವಾಗ ಅಧಿವೇಶನಕ್ಕೆ ‘ಶ’ವನ್ನೇ ಹಾಕತಕ್ಕದ್ದು.”