ಒಂದೇ ಮೇಜಿಗೆ ನಾನು ಕಟ್ಟಿದ ರಿಬ್ಬನ್

ಮೈಸೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆಗಿದ್ದವಳು ನಾನು. ನನ್ನ ಆಡಳಿತದಲ್ಲಿ ಒಂದು ತಟ್ಟೆಯೂ ಸಾಲು ತಪ್ಪಿ ಕೂತದ್ದಿಲ್ಲ. ಹೀಗಾಗಿ ಈಗ ನಾವಿರುವ ಅಮೆರಿಕದ ಮೆಟುಚೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಡೆನೀಸ್, ಶನಿವಾರದ ಊಟಕ್ಕೆ ಜನರನ್ನು ಕೂರಿಸುವ ಹೊಣೆ ನಿಮ್ಮದು ಎಂದಾಗ, ಅಂತೂ ಅಮೆರಿಕ ನನ್ನನ್ನು ಗುರುತಿಸಿತು ಎಂದುಕೊಂಡೆ!

ಡೆನೀಸ್ ಕಪ್ಪು ಜನಾಂಗದ ಹೆಂಗಸು, ನಿವೃತ್ತ ನರ್ಸ್. ನನ್ನ ಮಂಡಿ ಆಪರೇಷನ್ ಆದಾಗ ದಿನವೂ ಕೈಹಿಡಿದು ನಡೆಸಿದವಳು. ಊರಿನ ಎಲ್ಲ ಬಣ್ಣದ ಜನ ಒಂದೇ ಮೇಜಿನಲ್ಲಿ ಬೆರೆತು ಉಣ್ಣಬೇಕೆಂಬುದು ಅವಳ ಯೋಜನೆ. ಅದಕ್ಕೊಂದು ಸಂಸ್ಥೆ ಗ್ರಾಂಟ್ ಕೊಟ್ಟಿತ್ತು. ಮುಂದಿನ ವರ್ಷವೂ ಕೊಡಬೇಕೋ ಬೇಡವೋ ಎಂದು ನೋಡಲು ಅವರ ಅಧಿಕಾರಿಣಿ ಅಂದೇ ಬರುವವರಿದ್ದರು.

ನಾನು ಬೇಗನೆ ಹೋಗಿ ಸಭಾಂಗಣ ನೋಡಿದೆ. ಅಯ್ಯೋ, ಎಂಥ ಅವ್ಯವಸ್ಥೆ! ಮೊಸರನ್ನದ ಪಕ್ಕದಲ್ಲೇ ಕೋಳಿ. ಚಿತ್ರಾನ್ನದ ಸೌಟು ಯಾವ ಪಾತ್ರೆಗೆ ಹೋಗುವುದೋ ದೇವರೇ ಬಲ್ಲ. ತಕ್ಷಣ ಉದ್ದಕ್ಕೆ ಜೋಡಿಸಿದ್ದ ಮೇಜುಗಳನ್ನು ನಡುವೆ ಬೇರ್ಪಡಿಸಿದೆ. ಈ ಕಡೆ ಸಸ್ಯಾಹಾರ, ಆ ಕಡೆ ಮಾಂಸಾಹಾರ. ಗೊಂದಲವಾಗದಿರಲೆಂದು ನಡುವೆ ರಿಬ್ಬನ್ ಕಟ್ಟಿದೆ. ನೂಕುನುಗ್ಗಲು ತಪ್ಪಲೆಂದು ಎರಡು ಬಾಗಿಲು. ಎಂಜಲಾಗದಿರಲೆಂದು ಕುಡಿಯುವ ನೀರೂ ಎರಡು ಕಡೆ.

"ಇದ್ಯಾಕೋ ಸರಿ ಕಾಣ್ತಿಲ್ಲ ಕಣೇ," ಎಂದರು ನಮ್ಮ ಯಜಮಾನರು.

"ನಿಮಗೆ ಶಿಸ್ತು ಅಂದ್ರೆ ಯಾವತ್ತು ಸರಿ ಕಂಡಿದೆ?" ಎಂದೆ.

ಜನ ಬಂದರು. ಬಾಗಿಲಲ್ಲಿ ನಿಂತು ಚಕಚಕನೆ ಕಳಿಸಿದೆ. ಏನು ತಿನ್ನುತ್ತೀರೆಂದು ಯಾರನ್ನೂ ಕೇಳಲಿಲ್ಲ. ಮುಖ ನೋಡಿದರೆ ಗೊತ್ತಾಗುವುದಿಲ್ಲವೇ? ಕಾಲು ಗಂಟೆಯಲ್ಲಿ ಎಲ್ಲರೂ ಸಾಲಾಗಿ ಕೂತರು. ಹಿಂದೆ ಸರಿದು ಹೆಮ್ಮೆಯಿಂದ ನೋಡಿದೆ.

ಈ ಕಡೆ ಬರೀ ನಮ್ಮವರು. ಆ ಕಡೆ ಉಳಿದವರೆಲ್ಲ.

ನಮ್ಮ ಸಾಲಿನಿಂದ ಪುಟ್ಟಸ್ವಾಮಿ ಎಂಬ ಎಂಜಿನಿಯರ್ ಕೈ ಎತ್ತಿದ. "ಆಂಟಿ, ನಾವು ಮಂಡ್ಯದೋರು. ಚಿಕನ್ ವಾಸನೆ ಆ ಕಡೆಯಿಂದ ಬರ್ತಿದೆ, ನನ್ನನ್ನ ಇಲ್ಲಿ ಯಾಕೆ ಕೂರಿಸಿದ್ರಿ?" ಆ ಸಾಲಿನಿಂದ ಎತ್ತರದ ಕರಿಯ ಅಜ್ಜ ಮೆಲ್ಲಗೆ ಎದ್ದು, ತಾನು ಮಾಂಸ ಬಿಟ್ಟು ಎಷ್ಟೋ ವರ್ಷವಾಯಿತು, ಈ ಕಡೆ ಬರಬಹುದೇ ಎಂದು ನನ್ನ ಅನುಮತಿ ಕೇಳಿದರು. ಅನುಮತಿ!

ಅಷ್ಟರಲ್ಲಿ ಅಧಿಕಾರಿಣಿ ಒಳಗೆ ಬಂದರು. ರಿಬ್ಬನ್ ನೋಡಿದರು. ಎರಡು ಬಾಗಿಲು ನೋಡಿದರು. ಫೋಟೊ ತೆಗೆಯಲೆಂದು ಹಿಡಿದಿದ್ದ ಫೋನನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಅವರ ಜೊತೆಯಲ್ಲೇ ಬಂದ ಡೆನೀಸ್ ನೀರಿನ ಮುಂದೆ ನಿಂತುಬಿಟ್ಟಳು.

"ನನ್ನ ಅಮ್ಮ ಚಿಕ್ಕವಳಿದ್ದಾಗ," ಎಂದಳು ಮೆತ್ತಗೆ, "ಅವಳಿಗೂ ಹೀಗೇ, ಕರಿಯರಿಗೆಂದು ಬೇರೆ ನಲ್ಲಿ ಇತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಮ್ಮ ಅಜ್ಜಿಯ ಮನೆಯ ಹಿತ್ತಿಲಲ್ಲಿ, ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟವೊಂದಿತ್ತು. ಅದು ಯಾರಿಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದೂರ ವಿಮಾನ ಹತ್ತಿ ಬಂದು, ಆ ಲೋಟವನ್ನೇ ಇಲ್ಲೂ ತಂದಿಟ್ಟಿದ್ದೆ.

ರಿಬ್ಬನ್ ಬಿಚ್ಚಲು ಹೋದೆ. ಹಾಸ್ಟೆಲಿನ ಗಂಟು, ಬಿಚ್ಚಲಿಲ್ಲ! ಕೊನೆಗೆ ಡೆನೀಸ್ ಕತ್ತರಿ ತಂದಳು. ಪುಟ್ಟಸ್ವಾಮಿಯೂ ಅಜ್ಜನೂ ಸೇರಿ ಮೇಜುಗಳನ್ನು ಜೋಡಿಸಿದರು. ನಾನು ತಲೆ ಎತ್ತದೆ, ಕೋಳಿಯ ಪಾತ್ರೆಯ ಪಕ್ಕದಲ್ಲೇ ಕೂತು ಮೊಸರನ್ನ ಉಂಡೆ. ಏನೂ ಆಗಲಿಲ್ಲ.

ಗ್ರಾಂಟ್ ಮತ್ತೆ ಸಿಕ್ಕಿತು. ಈ ಊರಿಗೆ ಇಂಥ ಯೋಜನೆ ಎಷ್ಟು ಅಗತ್ಯವೆಂದು ಕಣ್ಣಾರೆ ಕಂಡೆ ಎಂದರಂತೆ ಅಧಿಕಾರಿಣಿ. ಕಂಡದ್ದು ಬೇರೆ ಯಾರನ್ನೂ ಅಲ್ಲ, ನನ್ನನ್ನೇ.

ಮುಂದಿನ ಊಟಕ್ಕೆ ಡೆನೀಸ್ ನನಗೆ ಪಾರ್ಕಿಂಗ್ ಕೆಲಸ ಕೊಟ್ಟಿದ್ದಾಳೆ.

"ಅಲ್ಲೂ ಬಣ್ಣ ನೋಡಿ ಕಾರು ನಿಲ್ಲಿಸ್ಬೇಡ," ಎಂದರು ಯಜಮಾನರು.

ಬಿಳಿ ಕಾರುಗಳಿಗೆ ಒಂದು ಸಾಲು ಎಂದು ಆಗಲೇ ಮನಸ್ಸಿನಲ್ಲಿ ಗೆರೆ ಎಳೆದಾಗಿತ್ತು.