ಬೇಡ ಅಂದದ್ದಕ್ಕೇ ಹತ್ತಿದ ಬೆಟ್ಟ

ಯಾರಾದರೂ "ನಿಮ್ಮ ಕೈಲಿ ಆಗಲ್ಲ" ಅಂದರೆ ಸಾಕು, ನನ್ನ ಬದುಕಿನಲ್ಲಿ ಒಂದು ತಮಾಷೆ ಶುರುವಾಯಿತು ಅಂತಲೇ ಲೆಕ್ಕ. ನಾನು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವಳು. ಐವತ್ತು ದಾಟಿದ ಮೇಲೆ ಹಿಮಾಲಯ ಹತ್ತಲು ಹೊರಟಾಗ ಎಷ್ಟು ಜನ ಬೇಡ ಅಂದರೋ, ಅಷ್ಟೂ ಜನಕ್ಕೆ ನಾನು ಋಣಿ. ಅವರು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

೧. ಯುಗಾದಿ ಊಟ

ತೊಂಬತ್ತರ ದಶಕದ ಕೊನೆಯ ಮಾತು. ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಹೃದಯತಜ್ಞ ಸ್ನೇಹಿತರೊಬ್ಬರ ಮನೆಯಲ್ಲಿ ಯುಗಾದಿ ಊಟ. ಹಿಂದಿನ ವರ್ಷ ಅವರು ನೇಪಾಳಕ್ಕೆ ಟ್ರೆಕ್ ಹೋಗಿ ಬಂದಿದ್ದರು. ಅನ್ನ, ಸಾರು ಮುಗಿದು ಒಬ್ಬಟ್ಟು ಬಡಿಸುವ ಹೊತ್ತಿಗೂ ಅವರ ಕಥೆ ಅರ್ಧ ಬೆಟ್ಟ ಹತ್ತಿರಲಿಲ್ಲ. ನಾನೂ ಒಂದು ಸಲ ಹೋಗಬೇಕು ಎಂದೆ, ಮಾತಿಗೆ ಮಾತು ಅಂತ.

"ನಿಮಗ್ಯಾಕೆ ಮೇಡಂ ಅದೆಲ್ಲ? ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಿ, ಕಾರಲ್ಲೇ ಕೂತು ಬೆಟ್ಟ ನೋಡ್ಬಹುದು" ಎಂದರು.

ಎಲ್ಲರೂ ನಕ್ಕರು. ಹೆಂಗಸರೂ ನಕ್ಕರು, ಅದೇ ನನಗೆ ಹೆಚ್ಚು ಉರಿದದ್ದು. ನೀವು ಹೋದದ್ದು ಬೆಟ್ಟದ ಬುಡಕ್ಕೆ, ನಾನು ಆರು ಸಾವಿರ ಮೀಟರಿನ ಶಿಖರವನ್ನೇ ಹತ್ತಿ ಬರುತ್ತೇನೆ ಎಂದುಬಿಟ್ಟೆ.

ವಾಪಸು ಬರುವಾಗ ನಮ್ಮ ಯಜಮಾನರು ಕಾರನ್ನು ಮೋಟರ್‌ವೇಗೆ ಸೇರಿಸಿದರು. ಆಮೇಲೆ ಮೆಲ್ಲಗೆ, "ನಿಜವಾಗ್ಲೂ ಹೋಗ್ಬೇಕು ಅಂತ ಇತ್ತಾ ನಿನಗೆ?" ಎಂದರು.

"ಒಬ್ಬಟ್ಟಿಗೆ ಮುಂಚೆ ಇರ್ಲಿಲ್ಲ" ಎಂದೆ.

೨. ದಿನಾ ಮನೆ ಬಿಟ್ಟು ಹೋಗುವವಳು

ಟ್ರೆಕ್ ಕಂಪನಿಯವರು ಬೆನ್ನಿಗೆ ಭಾರ ಹೊತ್ತು ನಡೆದು ಅಭ್ಯಾಸ ಮಾಡಿ ಎಂದಿದ್ದರು. ಡ್ಯೂಟಿ ಮುಗಿಸಿ ಬಂದವಳೇ ದೊಡ್ಡ ರಕ್‌ಸ್ಯಾಕಿಗೆ ಹಳೆಯ ವೈದ್ಯಕೀಯ ಪುಸ್ತಕಗಳನ್ನು ತುಂಬಿಕೊಂಡು, ಬಾಗಿಲು ಎಳೆದುಕೊಂಡು, ಬೀದಿ ಬೀದಿ ಸುತ್ತುತ್ತಿದ್ದೆ. ಕತ್ತಲಾಗುವ ಹೊತ್ತಿಗೆ ಬೆವರು ಒರೆಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬರುತ್ತಿದ್ದೆ.

ಎದುರು ಮನೆಯ ಪಂಜಾಬಿ ಅಜ್ಜಿ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದರಂತೆ. ಒಂದು ಸಂಜೆ ನನ್ನ ಕೈ ಹಿಡಿದು ನಿಲ್ಲಿಸಿ, ನಿನ್ನ ಗಂಡ ಏನೇ ಅಂದಿರಲಿ, ಹೀಗೆ ದಿನಾ ಗಂಟುಮೂಟೆ ಕಟ್ಟಿಕೊಂಡು ಬೀದಿಗೆ ಬೀಳಬೇಡ ಮಗಳೇ, ನಮ್ಮನೆಯಲ್ಲಿ ಒಂದು ರೂಮು ಖಾಲಿ ಇದೆ ಎಂದು ಹಿಂದಿಯಲ್ಲಿ ಹೇಳಿದರು. ಇದು ಹಿಮಾಲಯಕ್ಕೆ ಅಭ್ಯಾಸ ಅಜ್ಜಿ ಎಂದೆ. ಅವರ ಕಣ್ಣು ತುಂಬಿತು. ಗಂಡನ ಮಾನ ಉಳಿಸಲು ಎಂಥ ಸುಳ್ಳು ಹೇಳುತ್ತಾಳೆ ಅಂದುಕೊಂಡಿರಬೇಕು.

ನಾನು ಆ ಕಡೆ ಹೋದ ಮೇಲೆ ಅವರು ಈ ಕಡೆ ನಮ್ಮ ಮನೆಯ ಬೆಲ್ ಒತ್ತಿ, ನಮ್ಮ ಯಜಮಾನರನ್ನು ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಬೆಂಡೆತ್ತಿದ್ದಾರೆ. ನಾನು ಬಂದಾಗ ಯಜಮಾನರು ಸೋಫಾದಲ್ಲಿ ಸಣ್ಣಗಾಗಿ ಕೂತಿದ್ದರು.

"ನೀನು ಎವರೆಸ್ಟೇ ಹತ್ತು, ನಾನು ಬೇಡ ಅನ್ನಲ್ಲ. ನಾಳೆಯಿಂದ ಹಿತ್ತಲ ಬಾಗಿಲಿಂದ ಹೋಗು" ಎಂದರು.

೩. ಕುಕ್ಕರ್

ನೇಪಾಳದಲ್ಲಿ ನಮ್ಮದು ಚಿಕ್ಕ ತಂಡ: ನಾನು, ಮ್ಯಾಂಚೆಸ್ಟರಿನ ಇಬ್ಬರು ಜಿಮ್ ಹುಡುಗರು, ಲೀಡ್ಸಿನ ಇಂಗ್ಲಿಷ್ ಗೈಡ್, ಶೆರ್ಪಾಗಳು. ಗೈಡ್ ಒಳ್ಳೆಯವನೇ. ಆದರೆ ದಿನಾ ಸಂಜೆ ನನ್ನೊಬ್ಬಳ ಹತ್ತಿರವೇ ಬಂದು, ಹಿಂದಿರುಗುವುದರಲ್ಲಿ ನಾಚಿಕೆ ಏನೂ ಇಲ್ಲ ಡಾಕ್ಟರ್ ಅನ್ನುತ್ತಿದ್ದ. ಹುಡುಗರಿಗೆ ಒಂದು ಸಲವೂ ಹೇಳಲಿಲ್ಲ. ನಾಚಿಕೆ ಇಲ್ಲದಿದ್ದರೆ ನೀನೇ ಹೋಗಪ್ಪ ಎಂದು ಒಂದು ದಿನ ಅಂದೂಬಿಟ್ಟೆ.

ಬೆಟ್ಟದ ಬುಡದ ಕ್ಯಾಂಪಿನಲ್ಲಿ ಗಂಟು ಬಿಚ್ಚಿದಾಗ ನನ್ನ ಸಾಮಾನಿನಲ್ಲಿ ಮೂರು ಲೀಟರಿನ ಪ್ರೆಶರ್ ಕುಕ್ಕರ್ ನೋಡಿ ಅವನು ಹಣೆ ಹಣೆ ಚಚ್ಚಿಕೊಂಡ. ಇದು ಪರ್ವತಾರೋಹಣ, ಪಿಕ್ನಿಕ್ ಅಲ್ಲ ಎಂದ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಅನ್ನ ಬೇಯುವುದಿಲ್ಲ, ಅಷ್ಟೂ ಗೊತ್ತಿಲ್ಲವೇ ಎಂದು ನಾನು ಜೋರು ಮಾಡಿದೆ. ಕ್ಯಾಂಪಿನ ಅಡುಗೆ ಟೆಂಟಿಗೆ ಹೋಗಿ ನೋಡಿದರೆ ಅಲ್ಲಿ ನನ್ನದಕ್ಕಿಂತ ದೊಡ್ಡ ಕುಕ್ಕರ್ ಎರಡು ಆಗಲೇ ಕೂತಿದ್ದವು. ಗೈಡ್ ಟೆಂಟಿನ ಕಂಬ ಹಿಡಿದುಕೊಂಡು ನಕ್ಕ.

ಅಡುಗೆಯವ ಮಾತ್ರ ನಗಲಿಲ್ಲ. ಎರಡರ ಗ್ಯಾಸ್ಕೆಟ್ಟೂ ಹೋಗಿ ಆವಿಯೆಲ್ಲ ಸೋರುತ್ತಿತ್ತಂತೆ. ಅದಕ್ಕೇ ಅಷ್ಟು ದಿನ ನಾವೆಲ್ಲ ಗಟ್ಟಿ ಅನ್ನ ಅಗಿದದ್ದು. ಅವತ್ತು ನನ್ನ ಕುಕ್ಕರಿನಲ್ಲಿ ಅನ್ನ ಹೂವಿನ ಹಾಗೆ ಬೆಂದಿತು. ಗೈಡ್ ಮೂರನೇ ಸಲ ತಟ್ಟೆ ಚಾಚಿದಾಗ, ಪಿಕ್ನಿಕ್ ಹೇಗಿದೆ ಎಂದು ಕೇಳಿದೆ.

೪. ಶಿಖರದ ಫೋಟೋ

ಕೊನೆಯ ದಿನ ಜಿಮ್ ಹುಡುಗರು ಓಡೋಡಿ ಹತ್ತಿ, ತಲೆನೋವು, ವಾಂತಿ ಎಂದು ಹಿಮದ ಮೇಲೆ ಮಲಗಿಬಿಟ್ಟರು. ಶೆರ್ಪಾಗಳು ಅವರನ್ನು ಕೆಳಗಿಳಿಸಿದರು. ಉಳಿದದ್ದು ಒಂದೇ ಹಗ್ಗದಲ್ಲಿ ಗೈಡ್ ಮತ್ತು ನಾನು. ಶಿಖರ ಕಣ್ಣೆದುರಿಗೇ ಇತ್ತು. ಆದರೆ ನನ್ನ ಕಾಲು ಕೈಕೊಟ್ಟಿತು. ಕುಸಿದು ಕೂತೆ. ಅಷ್ಟು ಜನರ ಮುಂದೆ ಜಂಬ ಕೊಚ್ಚಿಕೊಂಡು ಬಂದವಳು, ಇನ್ನು ಆಗುವುದಿಲ್ಲ, ಹಿಂದೆ ಹೋಗೋಣ ಎಂದೆ.

ಗೈಡಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಅವನು ನನ್ನ ಮುಂದೆ ಮಂಡಿಯೂರಿ, ದಮ್ಮಯ್ಯ ಏಳಿ ಡಾಕ್ಟರ್ ಎಂದ.

ಆಮೇಲೆ ನಿಜ ಬಾಯಿಬಿಟ್ಟ. ಗ್ರಾಹಕರನ್ನು ಬಿಟ್ಟು ಒಬ್ಬನೇ ಹತ್ತಬಾರದು ಎಂದು ಅವನ ಕಂಪನಿಯ ಕಟ್ಟುನಿಟ್ಟಿನ ನಿಯಮ. ಇದೇ ಬೆಟ್ಟಕ್ಕೆ ಎಷ್ಟೋ ತಂಡ ಕರೆತಂದಿದ್ದ. ಪ್ರತಿ ಸಲವೂ ಯಾರಿಗೋ ಹುಷಾರು ತಪ್ಪಿ, ಅವರನ್ನು ಹಿಡಿದುಕೊಂಡು ಇಳಿಯಬೇಕಾಗಿ ಬಂದಿತ್ತು. ಒಂದು ಸಲವೂ ತುದಿ ಮುಟ್ಟಿರಲಿಲ್ಲ.

"ಹಾಗಾದ್ರೆ ಇಲ್ಲಿಂದ ಮೇಲಕ್ಕೆ ದಾರಿ ನಿನಗೂ ಗೊತ್ತಿಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನೋಡೇ ಇಲ್ಲ" ಎಂದ.

ಆ ಎತ್ತರದಲ್ಲಿ ನಗುವುದು ಒಳ್ಳೆಯದಲ್ಲ, ಉಸಿರು ಸಿಗುವುದಿಲ್ಲ. ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕದ್ದಕ್ಕೋ ಏನೋ, ಕಾಲಿಗೆ ಜೀವ ಬಂತು. ಹಾಗಾದರೆ ನನ್ನ ಹಿಂದೆ ನಿಧಾನವಾಗಿ ಬಾ, ಅವಸರ ಮಾಡಬೇಡ ಎಂದು ಎದ್ದೆ.

ನಾನು ತುದಿ ಮುಟ್ಟಿ ತಿರುಗಿ ನೋಡಿದರೆ ಆ ಆರಡಿ ಆಸಾಮಿ ಗೊಳೋ ಎಂದು ಅಳುತ್ತಿದ್ದ. ನಾಲ್ಕು ಹೆಜ್ಜೆ ಹಿಂದೆ ಅಲ್ಲೇ ನಿಂತು, ಹಿಮ ಕಡಿಯುವ ಕೊಡಲಿ ಎತ್ತಿ ಹಿಡಿದು, ಫೋಟೋ ತೆಗೆಯಿರಿ ಡಾಕ್ಟರ್ ಎಂದ. ತೆಗೆದೆ. ಇನ್ನೊಂದು ಎಂದ, ಇನ್ನೊಂದು ಎಂದ. ನನ್ನ ಸರದಿ ಬರುವಷ್ಟರಲ್ಲಿ ರೀಲು ಮುಗಿದಿತ್ತು.

ಈಗ ನಮ್ಮ ಮನೆಯ ಹಾಲ್‌ನಲ್ಲಿ ದೊಡ್ಡ ಕಟ್ಟು ಹಾಕಿಸಿದ ಫೋಟೋ ಇದೆ: ಸುತ್ತ ಹಿಮ, ನಡುವೆ ಮೂಗು ಸುರಿಸಿಕೊಂಡು ನಿಂತ ಇಂಗ್ಲೆಂಡಿನವನು. ಯುಗಾದಿ ಊಟದಲ್ಲಿ ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿದರು. ಒಬ್ಬರು ಕನ್ನಡಕ ಏರಿಸಿ, ಇಳಿಸಿ, "ಎಲ್ಲ ಸರಿ ಮೇಡಂ, ಇದರಲ್ಲಿ ನೀವೆಲ್ಲಿ?" ಎಂದರು.

"ಸರಿಯಾಗಿ ನೋಡಿ. ಫೋಟೋ ಮೇಲಿನಿಂದ ತೆಗೆದದ್ದು" ಎಂದೆ.